ತೊಟ್ಟಿಯಲ್ಲಿದ್ದ ಸಲಹೆಗಾರರು

ಚೆಕ್ ಗಣರಾಜ್ಯದ ವೆಲ್ಕೋವ್ ಪಟ್ಟಣದಲ್ಲಿ ಯಾವುದೇ ನಾಗರಿಕರು ಚಿಕಿತ್ಸಾಲಯದಲ್ಲಿ ಅಣಬೆ ಔಷಧಿ ಸೇವಿಸಿ ಕಂಡ ದರ್ಶನವನ್ನು ದಿನನಿತ್ಯದ ಬದುಕಿಗೆ ಅಳವಡಿಸಿಕೊಳ್ಳದೆ ಹಾಗೇ ಬಿಡತಕ್ಕದ್ದಲ್ಲ. ಇದನ್ನು ನೋಡಿಕೊಳ್ಳಲೆಂದೇ ದರ್ಶನ ಅಳವಡಿಕೆ ಇಲಾಖೆ ಇದೆ. ನಾನು ಅದರ ತನಿಖಾಧಿಕಾರಿ. ಬ್ರಹ್ಮಾಂಡವನ್ನು ಯಾರು ಬೇಕಾದರೂ ಕಾಣಬಹುದು. ಕಂಡವರು ಮನೆಗೆ ಹೋಗಿ ಪಾತ್ರೆ ತೊಳೆಯುತ್ತಾರೋ ಇಲ್ಲವೋ ಎಂದು ನೋಡುವುದು ನನ್ನ ಕೆಲಸ.

ಅಂಚೆ ಕಚೇರಿಯ ಪಾರ್ಸೆಲ್ ವಿಭಾಗದ ಲುಬೋರ್ ಸ್ಕಾಲಾ ಅವರು ಬಹುಕಾಲದಿಂದ ಮಂಕಾಗಿದ್ದರು. ಕೆಲಸದಿಂದ ಬಂದವರು ಸೋಫಾದ ಈ ತುದಿಯಿಂದ ಆ ತುದಿಯವರೆಗೆ ಮೈಚಾಚಿ ಟಿವಿಯಲ್ಲಿ ಐಸ್ ಹಾಕಿ ಪಂದ್ಯ ನೋಡುತ್ತ ಅಲ್ಲೇ ನಿದ್ದೆ ಹೋಗುತ್ತಿದ್ದರು. ಅವರ ಹೆಂಡತಿ ದ್ರಾಹೊಮೀರಾ ಬೇಕರಿಯಲ್ಲಿ ದಿನವಿಡೀ ನಿಂತು, ಮನೆಗೆ ಬಂದು ಅಡುಗೆಮನೆಯ ಸ್ಟೂಲಿನ ಮೇಲೆ ಕೂರುತ್ತಿದ್ದರು. ಡಿಸೆಂಬರಿನಲ್ಲಿ ಡಾ. ಹೆಡ್ವಿಕಾ ಮಾಲಾ ಅವರು ಲುಬೋರ್‌ಗೆ ಅಣಬೆ ಔಷಧಿ ಕೊಟ್ಟು, ಕಣ್ಣಿಗೆ ಪಟ್ಟಿ ಕಟ್ಟಿ ಮಲಗಿಸಿದರು. ಬ್ರಹ್ಮಾಂಡ ತೆರೆದುಕೊಂಡಿತು. ಅದರ ನಟ್ಟನಡುವೆ ಚಿನ್ನದ ಬಣ್ಣದ ಗೆಂಡೆ ಮೀನೊಂದು ಬಂದು, "ಸ್ವಲ್ಪ ಸರ್ಕೋ" ಎಂದು ಹೇಳಿ ಹೋಯಿತು.

ಮನೆಗೆ ಬಂದು ನೋಡಿದರೆ ಸ್ನಾನದ ತೊಟ್ಟಿಯಲ್ಲಿ ಅದೇ ಮುಖ. ಇದರಲ್ಲಿ ಆಶ್ಚರ್ಯವೇನೂ ಇಲ್ಲ. ಕ್ರಿಸ್ಮಸ್ ಹತ್ತಿರ ಬಂದಾಗ ಗೆಂಡೆ ಮೀನನ್ನು ಜೀವಂತ ತಂದು ತೊಟ್ಟಿಯಲ್ಲಿ ಬಿಟ್ಟು, ಹಬ್ಬದ ಸಂಜೆ ಕರಿದು ತಿನ್ನುವುದು ನಮ್ಮಲ್ಲಿ ಮನೆಮನೆಯ ಪದ್ಧತಿ.

"ಇವ್ರೇ ಕಣೇ! ನನ್ ಹತ್ರ ಮಾತಾಡಿದ್ದು ಇವ್ರೇ!" ಎಂದರು ಲುಬೋರ್.

"ಯಾರಾದ್ರೂ ಆಗ್ಲಿ, ನಾಡಿದ್ದು ಎಣ್ಣೆಗೆ ಬೀಳ್ತಾರೆ," ಎಂದರು ದ್ರಾಹೊಮೀರಾ. ಅವರ ಕೈಯಲ್ಲಿ ಮೀನಿನ ತಲೆಗೆ ಹೊಡೆಯುವ ಕೊಡತಿ ಇತ್ತು.

ಲುಬೋರ್ ಕೂಡಲೇ ಡಾಕ್ಟರಿಗೆ ಫೋನ್ ಮಾಡಿದರು. ದರ್ಶನದಲ್ಲಿ ಕಾಣಿಸಿಕೊಂಡವರನ್ನು ಅಳವಡಿಕೆ ಪೂರ್ಣಗೊಳ್ಳುವ ಮುನ್ನ ಕರಿಯುವಂತಿಲ್ಲ, ಬೇಯಿಸುವಂತೆಯೂ ಇಲ್ಲ ಎಂದು ಡಾಕ್ಟರು ನಿಯಮ ಓದಿ ಹೇಳಿದರು. ಆ ವರ್ಷ ಸ್ಕಾಲಾ ದಂಪತಿ ಆಲೂಗಡ್ಡೆ ಸಲಾಡಿನ ಜೊತೆ ಸಾಸೇಜ್ ತಿಂದರು.

ಏಪ್ರಿಲ್‌ನಲ್ಲಿ ನಾನು ತನಿಖೆಗೆ ಹೋದಾಗ ಮೀನು ತೊಟ್ಟಿಯಲ್ಲೇ ಇತ್ತು, ಮೈತುಂಬಿಕೊಂಡಿತ್ತು. ಲುಬೋರ್ ರಜೆಯ ಮೇಲಿದ್ದರು, ಏಕೆಂದರೆ ಅಳವಡಿಕೆ ಆಯಿತೆಂದು ನಾನು ಹೇಳುವ ತನಕ ಅಂಚೆ ಕಚೇರಿ ಅವರನ್ನು ಒಳಗೆ ಬಿಡುವಂತಿಲ್ಲ. ಡಾಕ್ಟರೂ ಬಂದಿದ್ದರು.

"ದರ್ಶನವನ್ನು ಹೇಗೆ ಅಳವಡಿಸಿಕೊಂಡಿದ್ದೀರಿ?" ಎಂದು ಕೇಳಿದೆ.

"ದಿನಾ ಇವ್ರ ಪಕ್ಕ ಕೂತ್ಕೊಂಡು ಯೋಚ್ನೆ ಮಾಡ್ತೀನಿ ಸಾರ್. ಸರ್ಕೋ ಅಂದ್ರೆ ಎಲ್ಲಿಂದ? ಅಹಂಕಾರದಿಂದ್ಲಾ? ಕಾಲದಿಂದ್ಲಾ?"

"ಬಹಳ ಆಳಕ್ಕೆ ಇಳಿದಿದ್ದಾರೆ," ಎಂದರು ಡಾಕ್ಟರು, ಹೆಮ್ಮೆಯಿಂದ.

"ಆಳ ನಮ್ಮ ಇಲಾಖೆಗೆ ಬರೋದಿಲ್ಲ ಡಾಕ್ಟ್ರೇ. ಮನೇಲಿ ಏನು ಬದಲಾಗಿದೆ?"

"ನಾನು ಸ್ನಾನಕ್ಕೆ ಊರಾಚೆ ತಂಗಿ ಮನೆಗೆ ಹೋಗ್ತೀನಲ್ಲ, ಅದೇ ಬದ್ಲಾವಣೆ!" ಎಂದರು ದ್ರಾಹೊಮೀರಾ. "ನಂಗೆ ದರ್ಶನ ಬೇಡ, ಬ್ರಹ್ಮಾಂಡ ಬೇಡ ಸಾರ್. ನನ್ ತೊಟ್ಟಿ ನಂಗೆ ಕೊಡಿಸಿ. ಬಿಸಿನೀರಲ್ಲಿ ಕಾಲು ಚಾಚ್ಕೊಂಡು ಹಾಯಾಗಿ ಬಿದ್ಕೋಬೇಕು, ಅಷ್ಟೇ."

ಅಳವಡಿಕೆ ವಿಫಲವಾದರೆ ಇನ್ನೂ ಆರು ತಿಂಗಳು, ಮೀನು ಸಮೇತ, ಎಂದು ನಾನು ವಿಷಾದದಿಂದ ತಿಳಿಸಿದೆ. ಲುಬೋರ್ ಖಿನ್ನರಾಗಿ ಹೋಗಿ ಸೋಫಾದ ಮೇಲೆ ಉದ್ದಕ್ಕೆ ಮಲಗಿಬಿಟ್ಟರು. ದ್ರಾಹೊಮೀರಾ ಕಾಫಿ ಕಪ್ಪು ಹಿಡಿದು ಅವರ ಹಿಂದೆಯೇ ಹೋದರು. ನಾನೂ ಡಾಕ್ಟರೂ ಬಾಗಿಲಲ್ಲಿ ನಿಂತೆವು. ಆಕೆ ಗಂಡನನ್ನು ನೋಡಿದರು, ಅಡುಗೆಮನೆಯ ಸ್ಟೂಲನ್ನು ನೋಡಿದರು.

"ಸ್ವಲ್ಪ ಸರ್ಕೊಳ್ರೀ," ಎಂದರು.

ಲುಬೋರ್ ಮೊಣಕಾಲು ಮಡಚಿದರು. ಅವರಿಗೇ ಗೊತ್ತಿಲ್ಲದಂತೆ ಮಡಚಿದರು. ಒಬ್ಬರು ಕೂರುವಷ್ಟು ಜಾಗವಾಯಿತು. ದ್ರಾಹೊಮೀರಾ ಕೂತರು. ಕಾಫಿ ಕುಡಿಯಲಿಲ್ಲ, ಕಪ್ಪು ಹಿಡಿದುಕೊಂಡೇ ಗಳಗಳನೆ ಅತ್ತರು.

"ಈ ಸೋಫಾ ತಂದು ಹತ್ತೊಂಬತ್ತು ವರ್ಷ ಆಯ್ತು ಸಾರ್. ಇಷ್ಟು ಮೆತ್ತಗಿದೆ ಅಂತ ಇವತ್ತೇ ಗೊತ್ತಾಗಿದ್ದು."

ಲುಬೋರ್ ದಡಬಡಿಸಿ ಎದ್ದು ಕೂತರು. "ಅಯ್ಯೋ, ಇದನ್ನೇನಾ ಅವ್ರು ಹೇಳಿದ್ದು?"

"ನಾನೂ ಇದನ್ನೇ ಹೇಳ್ತಿದ್ದೆ," ಎಂದರು ದ್ರಾಹೊಮೀರಾ. "ನನ್ ಮೈಮೇಲೆ ಹೊಳೆಯೋ ಹುರುಪೆ ಇರ್ಲಿಲ್ಲ, ಅಷ್ಟೆ."

ಅಳವಡಿಕೆ ಯಶಸ್ವಿ ಎಂದು ನಾನು ಅಲ್ಲೇ ಘೋಷಿಸಿದೆ. ದ್ರಾಹೊಮೀರಾ ಕಣ್ಣೊರೆಸಿಕೊಂಡು ನೇರವಾಗಿ ಹೋಗಿ ಬಾಣಲೆ ತೆಗೆದರು. ಆದರೆ ಡಾಕ್ಟರು ಸುದ್ದಿಯನ್ನು ಫೋನಿನಲ್ಲೇ ಇಲಾಖೆಗೆ ಮುಟ್ಟಿಸಿದ್ದರು. ಎಣ್ಣೆ ಕಾಯುವುದರೊಳಗೆ ನಿರ್ದೇಶಕರ ಪ್ರಕಟಣೆ ಹೊರಟಿತು:

"ಸೋಫಾದಿಂದ ಗಂಡಸೊಬ್ಬರನ್ನು ಸರಿಸುವ ಕಾರ್ಯವನ್ನು ಕುಟುಂಬವಾಗಲಿ ಚರ್ಚಾಗಲಿ ಕಾರ್ಮಿಕ ಸಂಘವಾಗಲಿ ಈವರೆಗೆ ಸಾಧಿಸಿರುವುದಿಲ್ಲ. ಆದಕಾರಣ ಸದರಿ ಗೆಂಡೆ ಮೀನನ್ನು ಇಲಾಖೆಯ ಹಿರಿಯ ಸಲಹೆಗಾರರನ್ನಾಗಿ ನೇಮಿಸಲಾಗಿದೆ. ಅವರು ಈಗಿರುವ ತೊಟ್ಟಿಯೇ ಅವರ ಕಚೇರಿಯಾಗಿರತಕ್ಕದ್ದು. ನಿವೃತ್ತಿಗೆ ಮುನ್ನ ಸಲಹೆಗಾರರನ್ನು ಕರಿಯತಕ್ಕದ್ದಲ್ಲ."

ಮರುದಿನದಿಂದ ಊರಿನ ಹೆಂಗಸರು ಗಂಡಂದಿರನ್ನು ಕರೆದುಕೊಂಡು ಸ್ಕಾಲಾ ಅವರ ಬಚ್ಚಲಿನ ಮುಂದೆ ಸಾಲುಗಟ್ಟಿದರು. ಸಲಹೆಗಾರರು ಯಾರಿಗೂ ಏನೂ ಹೇಳುವುದಿಲ್ಲ. ಇದನ್ನು ವೃತ್ತಿಯ ಗೌಪ್ಯತೆ ಎಂದು ಡಾಕ್ಟರು ವಿವರಿಸಿದ್ದಾರೆ. ನನ್ನ ಹೆಂಡತಿಯೂ ನನ್ನನ್ನು ಕರೆದೊಯ್ದಳು. ನಾನು ಬಗ್ಗಿ ನೋಡಿದಾಗ ಸಲಹೆಗಾರರೇ ಸ್ವಲ್ಪ ಸರಿದರು. ನಿಮ್ಮದು ಹಳೇ ಕಾಯಿಲೆ, ಟೈಮ್ ಹಿಡಿಯುತ್ತೆ ಎಂದಳು ಅವಳು.

ಬುಧವಾರ ದ್ರಾಹೊಮೀರಾ ಟವೆಲ್ಲು, ಸೋಪು ಹಿಡಿದು ನಮ್ಮ ಇಲಾಖೆಗೆ ಬಂದರು. ನಿರ್ದೇಶಕರ ಕೋಣೆಗೆ ಹೊಂದಿಕೊಂಡು, ಗಣ್ಯರು ಬಂದರೆ ಇರಲಿ ಎಂದು ಕಟ್ಟಿಸಿದ ಬಿಳಿ ಅಮೃತಶಿಲೆಯ ತೊಟ್ಟಿಯೊಂದಿದೆ.

"ನನ್ ತೊಟ್ಟಿ ನಿಮ್ಮ ಕಚೇರಿ ಆಯ್ತಲ್ಲ ಸಾರ್," ಎಂದರು ಆಕೆ. "ಹಾಗಾದ್ರೆ ನಿಮ್ಮ ಕಚೇರೀಲಿ ನನ್ ಸ್ನಾನ."

ಕಾನೂನು ವಿಭಾಗದವರು ಮಧ್ಯಾಹ್ನದವರೆಗೆ ಹುಡುಕಿದರೂ ಈ ಮಾತಿನಲ್ಲಿ ತಪ್ಪು ಸಿಗಲಿಲ್ಲ. ಅಷ್ಟರಲ್ಲಿ ಒಳಗೆ ನಲ್ಲಿ ಬಿಟ್ಟ ಸದ್ದು ಕೇಳಿತು.

ಈಗ ಪ್ರತಿ ಬುಧವಾರ ನಮ್ಮ ಇಲಾಖೆಯ ಕಾರಿಡಾರಿನಲ್ಲಿ ಹಬೆ ತುಂಬಿರುತ್ತದೆ, ದ್ರಾಹೊಮೀರಾ ಅವರ ಹಾಡು ಕೇಳಿಸುತ್ತದೆ. ಸಂದರ್ಶಕರು ಅದನ್ನು ಚಿಕಿತ್ಸೆಯ ಭಾಗವೆಂದು ತಿಳಿದು ಎದ್ದು ನಿಲ್ಲುತ್ತಾರೆ. ನಿರ್ದೇಶಕರು ಬಾಗಿಲು ತಟ್ಟಿ, "ಇನ್ನೂ ಎಷ್ಟು ಹೊತ್ತಮ್ಮಾ, ನನ್ ಫೈಲು ಒಳಗಿದೆ," ಎನ್ನುತ್ತಾರೆ.

"ಸ್ವಲ್ಪ ಸರ್ಕೊಳ್ಳಿ ಸಾರ್," ಎಂದು ಒಳಗಿನಿಂದ ಉತ್ತರ ಬರುತ್ತದೆ.

ನಿರ್ದೇಶಕರು ಸರಿಯುತ್ತಾರೆ. ನಿಯಮದ ಪ್ರಕಾರ ಅದನ್ನೂ ನಾನು ಯಶಸ್ವಿ ಅಳವಡಿಕೆಯೆಂದು ದಾಖಲಿಸಿದ್ದೇನೆ.