ಬೆಳ್ಳಿಯ ಒಳಲೆ ಮತ್ತು ನನ್ನ ಮನಶ್ಶಾಸ್ತ್ರ

ದುರಾಸೆ ಎಂಬುದು ಪಕ್ಕದ ಮನೆಯವರಿಗೆ ಬರುವ ಕಾಯಿಲೆ ಎಂದೇ ನಾನು ಬಹಳ ಕಾಲ ನಂಬಿದ್ದೆ. ನನ್ನಲ್ಲಿದ್ದದ್ದು ಮುಂದಾಲೋಚನೆ, ಹೆಚ್ಚೆಂದರೆ ವಸ್ತುಗಳ ಮೇಲಿನ ಗೌರವ. ಮೈಸೂರಿನಲ್ಲಿ ಬಿ.ಎ. ಓದುವಾಗ ಒಂದಿಷ್ಟು ಮನಶ್ಶಾಸ್ತ್ರವನ್ನೂ ಓದಿದ್ದರಿಂದ, ನನ್ನ ಗುಣಗಳಿಗೆಲ್ಲ ಒಳ್ಳೆಯ ಹೆಸರಿಡುವ ವಿದ್ಯೆ ಕೈವಶವಾಗಿತ್ತು. ದೇವರನ್ನು ಸಂದೇಹಿಸಿದೆ, ಪಂಚಾಂಗವನ್ನು ಸಂದೇಹಿಸಿದೆ. ನನ್ನ ನೆನಪನ್ನೂ ಸಂದೇಹಿಸಬೇಕೆಂದು ಮಾತ್ರ ಯಾವ ಪ್ರೊಫೆಸರೂ ಹೇಳಿಕೊಟ್ಟಿರಲಿಲ್ಲ.

ಅದು ಯುದ್ಧದ ಕಾಲ. ನಾನು ಹೊನ್ನಾಳಿಯಲ್ಲಿ ಮೇಷ್ಟರಾಗಿದ್ದೆ. ಎಳೆಗೂಸುಗಳಿಗೆ ಹಾಲು ಕುಡಿಸಲು ನಮ್ಮ ವಂಶದಲ್ಲಿ ಒಂದು ಬೆಳ್ಳಿಯ ಒಳಲೆ ಇತ್ತು. ಅಂಗೈಯಲ್ಲಿ ಅಡಗುವಷ್ಟು ಪುಟ್ಟದು, ಗುಬ್ಬಿಯ ಕೊಕ್ಕಿನಂಥ ಮೂತಿ. ಅದು ಯಾರೊಬ್ಬರ ಸ್ವತ್ತೂ ಅಲ್ಲ. ಯಾರ ಮನೆಯಲ್ಲಿ ಕೂಸು ಹುಟ್ಟುತ್ತದೋ ಅಲ್ಲಿಗೆ ಹೋಗಬೇಕು, ಬರಿದಾಗಿ ಹೋಗದೆ ಸಕ್ಕರೆ ತುಂಬಿಕೊಂಡು ಹೋಗಬೇಕು. ಹಾಗೆಯೇ ನನ್ನ ಮಗಳಿಗಾಗಿ ನಮ್ಮಲ್ಲಿಗೆ ಬಂದಿತ್ತು. ಮಗಳು ಈಗ ರೊಟ್ಟಿ ಕಡಿಯುತ್ತಿದ್ದಳು. ಒಳಲೆ ಇನ್ನೂ ನನ್ನ ಪುಸ್ತಕದ ಪೆಟ್ಟಿಗೆಯಲ್ಲೇ ಇತ್ತು.

ನ್ಯಾಮತಿಯಿಂದ ಅಕ್ಕ ಎರಡು ಕಾಗದ ಬರೆಸಿದಳು. ಅವಳ ಮಗಳು ಗಿರಿಜೆಗೆ ಜಗಳೂರಿನ ಗಂಡನ ಮನೆಯಲ್ಲಿ ಎರಡನೆಯ ಹೆರಿಗೆಯಾಗಿದೆ, ಕೂಸಿಗೆ ಎದೆಹಾಲು ಎಳೆಯುವಷ್ಟು ಶಕ್ತಿಯಿಲ್ಲ, ಹಾಲಿನಲ್ಲಿ ಬತ್ತಿ ಅದ್ದಿ ಬಾಯಿಗೆ ಹಿಂಡುತ್ತಿದ್ದಾರೆ, ಬೇಗ ಒಳಲೆ ಕಳಿಸು. ಮೊದಲನೆಯದಕ್ಕೆ ‘ಹುಡುಕುತ್ತಿದ್ದೇನೆ’ ಎಂದು ಬರೆದೆ. ಎರಡನೆಯದಕ್ಕೆ ಬರೆಯಲೇ ಇಲ್ಲ. ಬೆಳ್ಳಿಯ ಆಸೆಯಿಂದಲ್ಲ, ನಂಬಿ. ನನಗೊಂದು ನೆನಪಿತ್ತು: ಅವ್ವನ ತೊಡೆ, ಕಿಟಕಿಯ ಬಿಸಿಲು, ಆ ಬಿಸಿಲಿನಲ್ಲಿ ಹೊಳೆಯುತ್ತ ತುಟಿಗೆ ಬರುವ ಒಳಲೆ. ನನಗೆ ಎರಡು ವರ್ಷವಾಗುವಷ್ಟರಲ್ಲಿ ಅವ್ವ ತೀರಿಕೊಂಡಿದ್ದಳು. ಅಷ್ಟು ಎಳವೆಯದು ನೆನಪಿನಲ್ಲಿ ಉಳಿಯುವುದಿಲ್ಲವೆಂದು ಪುಸ್ತಕಗಳು ಹೇಳುತ್ತವೆ. ಅವು ಸಾಮಾನ್ಯರ ವಿಷಯ ಹೇಳುತ್ತಿರಬೇಕು ಎಂದುಕೊಂಡಿದ್ದೆ.

“ಮನುಷ್ಯ ವಸ್ತುವನ್ನು ಹಿಡಿದುಕೊಳ್ಳುವುದು ವಸ್ತುವಿಗಾಗಿ ಅಲ್ಲ, ಕಳೆದುಹೋದ ಮಡಿಲಿಗಾಗಿ” ಎಂದು ಹೆಂಡತಿಗೆ ವಿವರಿಸಿದೆ.

ಅವಳು ಅಕ್ಕಿ ಆರಿಸುತ್ತಲೇ, “ಮಡಿಲು ನಿಮ್ದು ಸರಿ ರೀ. ಹಸಿವು ಆ ಕೂಸಿಂದಲ್ಲೇನು?” ಎಂದಳು. ಅಂದು ನನಗೆ ಊಟ ಸೇರಲಿಲ್ಲ. ಆದರೂ ಪೆಟ್ಟಿಗೆಯ ಬೀಗ ತೆಗೆಯಲಿಲ್ಲ.

ಮೂರನೆಯ ಸಲ ಕಾಗದ ಬರಲಿಲ್ಲ, ಅಕ್ಕನೇ ಬಂದಳು. ಪೆಟ್ರೋಲಿಲ್ಲದೆ ಬಸ್ಸುಗಳು ಇದ್ದಿಲು ಉರಿಸಿಕೊಂಡು ಓಡುತ್ತಿದ್ದ ದಿನಗಳವು. ಅವಳ ಮುಖದ ತುಂಬ ಮಸಿ.

“ಬಸ್ಸಿಗೆ ಇದ್ದಿಲು ತುಂಬಾಕೆ ಹತ್ಯಾರೆ. ಅಷ್ಟರಾಗೆ ಕೊಟ್ರೆ ಇದರಾಗೇ ದಾವಣಗೆರೆಗೆ ಹೋಗಿ ಜಗಳೂರು ಸೇರ್ತೀನಿ. ಎಲ್ಲೈತೋ ತಮ್ಮಾ ಒಳಲೆ?”

ನಾನು ನನ್ನ ನೆನಪನ್ನು ಅವಳ ಮುಂದಿಟ್ಟೆ. ತೊಡೆ, ಬಿಸಿಲು, ಹೊಳಪು, ಒಂದನ್ನೂ ಬಿಡಲಿಲ್ಲ.

ಅಕ್ಕ ಬಾಯಿಗೆ ಸೆರಗಿಟ್ಟು ನಕ್ಕಳು. “ಅಯ್ಯ ನನ್ನಪ್ಪಾ, ನಿನಗೆಲ್ಲಿತ್ತೋ ಒಳಲೆ? ನೀ ಹುಟ್ಟಿದಾಗ ಅದು ಚನ್ನಗಿರಿ ಚಿಕ್ಕಮ್ಮನ ಮನ್ಯಾಗಿತ್ತು. ಕೇಳಿದಾಗೆಲ್ಲ ಹುಡುಕ್ತೀನಿ ಅಂತಿದ್ಲು, ನಿನ್ಹಂಗೇ.”

“ಮತ್ತೆ ನನಗೆ ಹಾಲು?”

“ಅವ್ವ ಜ್ವರದಾಗೆ ಮಲಗಿದ್ಲು. ನಾನೇ ಬೆರಳು ಹಾಲಾಗೆ ಅದ್ದಿ ಚೀಪಿಸ್ತಿದ್ದೆ, ಒಂಬತ್ತು ವರ್ಷದಾಕಿ. ಹಲ್ಲು ಬಂದ್ರೂ ನೀ ಬಿಡಲಿಲ್ಲ. ಒಳಲೆ ನೀ ನೋಡಿದ್ದು ಗಿರಿಜೆಗೆ ಕುಡಿಸುವಾಗ, ನನ್ನ ತೊಡೆ ಮ್ಯಾಲೆ. ಏಳು ವರ್ಷದ ಕೋಣ, ನನಗೂ ಬೇಕು ಅಂತ ಬಿದ್ದು ಹೊರಳಾಡಿ ಅತ್ತಿದ್ದೆ!”

ಇಷ್ಟು ವರ್ಷ ಅವ್ವನದೆಂದು ಕಾಪಾಡಿಕೊಂಡಿದ್ದ ಮಡಿಲು ಇದ್ದಿಲ ಮಸಿ ಬಳಿದುಕೊಂಡು ಎದುರಿಗೇ ಕೂತಿತ್ತು. ನನ್ನ ಪವಿತ್ರ ನೆನಪೆಂದರೆ ಇನ್ನೊಂದು ಕೂಸಿನ ಹಾಲಿನ ಮೇಲಿನ ಹೊಟ್ಟೆಕಿಚ್ಚು. ಈಗ ಆ ಕೂಸಿನ ಕೂಸಿಗೂ ಅಡ್ಡ ಕೂತಿದ್ದೆ. ಎದ್ದು ಪೆಟ್ಟಿಗೆ ತೆಗೆದೆ. ಒಳಲೆಯನ್ನು ಧೋತರದ ಅಂಚಿನಿಂದ ಒರೆಸುವಾಗ ಅಕ್ಕನ ಮುಖ ನೋಡಲಾಗಲಿಲ್ಲ.

ಹೆಂಡತಿ ಕಂಟ್ರೋಲ್ ಸಕ್ಕರೆಯ ಡಬ್ಬಿ ತಂದಳು. ಇಡೀ ತಿಂಗಳಿಗೆ ಇದ್ದದ್ದು ಅಷ್ಟೇ. ನಾನೇ ಗೋಪುರದಂತೆ ತುಂಬಿದೆ. ಬಸ್ಸಿನವನು ಹಾರನ್ ಒತ್ತಿದ. ಆಗ ನನ್ನ ಬೆರಳು ತಾನಾಗಿಯೇ ಹೋಗಿ ಗೋಪುರವನ್ನು ಸವರಿ, ಮಿಕ್ಕ ಸಕ್ಕರೆಯನ್ನು ಡಬ್ಬಿಗೆ ಬೀಳಿಸಿತು.

“ದಾರಿಯಾಗೆ ಚೆಲ್ಲೀತು ಅಂತ ಕಣವ್ವಾ, ನಮ್ಮ ಮೇಷ್ಟ್ರಿಗೆ ಎಲ್ಲಾದ್ರ ಮ್ಯಾಲೂ ಕಾಳಜಿ” ಎಂದು ಅಕ್ಕ ನನ್ನ ಹೆಂಡತಿಗೆ ಹೇಳಿದಳು.

ನಾನು ಉತ್ತರ ಕೊಡುವಂತಿರಲಿಲ್ಲ. ಬೆರಳು ಬಾಯಲ್ಲಿತ್ತು.