ಮಾವನ ತಲೆಲೆಕ್ಕ

ನಮ್ಮ ಮಾವನ ಬಗ್ಗೆ ನಾನು ಏನು ಬೇಕಾದರೂ ಬರೆಯಬಹುದು. ಅವರಿಗೆ ಕನ್ನಡ ಮಾತಾಡಲು ಬರುತ್ತದೆ, ಬೈಯಲು ಇನ್ನೂ ಚೆನ್ನಾಗಿ ಬರುತ್ತದೆ, ಓದಲು ಮಾತ್ರ ಬರುವುದಿಲ್ಲ! ನಮ್ಮವರು ಉಡುಮಲೈಪೇಟೆಯ ಆಚೆ ಬಂದು ನೆಲೆಸಿ ಎಷ್ಟು ತಲೆಮಾರಾಯಿತೋ ಯಾರಿಗೂ ಗೊತ್ತಿಲ್ಲ. ಮನೆಯೊಳಗೆ ಕನ್ನಡ, ಹೊಸ್ತಿಲು ದಾಟಿದರೆ ತಮಿಳು, ಓದುಬರಹವೆಲ್ಲ ತಮಿಳೇ. ನಾನು ಕನ್ನಡ ಅಕ್ಷರ ಕಲಿತದ್ದು ಮದುವೆಯಾದ ಮೇಲೆ, ಕೊಯಮತ್ತೂರಿಗೆ ಕೆಲಸಕ್ಕೆ ಬಂದಿದ್ದ ಮೈಸೂರಿನ ಗಂಡನಿಂದ. ಆದ್ದರಿಂದ ಧೈರ್ಯವಾಗಿ ಹೇಳಿಬಿಡುತ್ತೇನೆ: ನಮ್ಮ ಮಾವ ನೆಲದ ಮೇಲೆ ನಡೆಯುವುದು ಬೇರೆ ದಾರಿಯಿಲ್ಲದೆ. ನೀರು ಸಿಕ್ಕಿದ್ದರೆ ಅವರು ಪಡಿತರ ಅಂಗಡಿಗೂ ಈಜಿಕೊಂಡೇ ಹೋಗುತ್ತಿದ್ದರು.

ಮಾವ ಅಂದರೆ ನನ್ನ ಅಮ್ಮನ ತಮ್ಮ. ವಯಸ್ಸು ಅರವತ್ತಾರು. ಅವರ ತೆಂಗಿನ ತೋಟದಲ್ಲಿ ಒಂದು ಬಾವಿಯಿದೆ. ಬಾವಿ ಎಂದ ಕೂಡಲೇ ರಾಟೆ, ಹಗ್ಗ, ಬಿಂದಿಗೆ ನೆನೆಸಿಕೊಳ್ಳಬೇಡಿ. ನಮ್ಮ ಕಡೆಯ ತೋಟದ ಬಾವಿಗಳು ಚೌಕವಾಗಿ, ಒಂದು ಮನೆಯನ್ನೇ ಒಳಗಿಳಿಸಿ ಬಿಡಬಹುದಾದಷ್ಟು ದೊಡ್ಡದಾಗಿರುತ್ತವೆ. ಗೋಡೆಯಿಂದ ಚಾಚಿದ ಕಲ್ಲುಗಳೇ ಮೆಟ್ಟಿಲು. ಈ ಬಾವಿಯಲ್ಲಿ ಮಾವ ಅರ್ಧ ಊರಿಗೆ ಈಜು ಕಲಿಸಿದ್ದಾರೆ. ಪಾಠ ಬಹಳ ಸರಳ. ಒಣಗಿದ ಸೋರೆಬುರುಡೆಯನ್ನು ಮಗುವಿನ ಬೆನ್ನಿಗೆ ಕಟ್ಟುವುದು, ತಾವು ನೀರಿಗಿಳಿದು ನಿಲ್ಲುವುದು, ಮೇಲಿರುವ ಯಾರಾದರೂ ಒಬ್ಬರು ಮಗುವನ್ನು ತಳ್ಳುವುದು. ಎರಡನೆಯ ಪಾಠಕ್ಕೆ ಸಣ್ಣ ಬುರುಡೆ. ಮೂರನೆಯ ಪಾಠಕ್ಕೆ ಬುರುಡೆಯೇ ಇಲ್ಲ.

ಅವರ ಪ್ರಕಾರ ಮನುಷ್ಯರಲ್ಲಿ ಇರುವುದು ಎರಡೇ ಜಾತಿ. ಈಜು ಬರುವವರು, ಮತ್ತು ಇನ್ನೂ ಬಾವಿಗೆ ಬೀಳದವರು. ನನ್ನನ್ನು ನೋಡಲು ಗಂಡಿನವರು ಬಂದಾಗ ಅಪ್ಪ ಕೆಲಸ ಕೇಳಿದರು, ಅಮ್ಮ ಮನೆದೇವರು ಕೇಳಿದರು, ಮಾವ ಈಜು ಕೇಳಿದರು. ಪಾಪ, ಹುಡುಗ ನಿಜ ಹೇಳಿದ. ನೀರೆಂದರೆ ಭಯ ಎಂದ. ಮದುವೆಯಾದ ಮೂರನೆಯ ದಿನ, ಹೊಸ ಪಂಚೆಯಲ್ಲಿದ್ದ ಎಂಜಿನಿಯರ್ ಅಳಿಯನ ಬೆನ್ನಿಗೆ ಸೋರೆಬುರುಡೆ ಏರಿತು!

"ಮಾಪ್ಳೆ, ಕಂಪ್ಯೂಟರ್ ಮುಳುಗಿದ್ರೆ ಇನ್ನೊಂದು ತರ್‍ಬೋದು. ನೀವು ಮುಳುಗಿದ್ರೆ ನಮ್ಮ ಅಮ್ಮಿಣಿಗೆ ಯಾರವ್ರೆ?" ಎಂದು ಮಾವ ಕೇಳಿದರು. ಮಾಪ್ಳೆ ಎಂದರೆ ಅಳಿಯ, ಅಮ್ಮಿಣಿ ಎಂದರೆ ನಾನೇ. ನಮ್ಮ ಕಡೆ ಹೆಣ್ಣುಮಕ್ಕಳನ್ನು ಮುದ್ದಾಗಿ ಹಾಗೆ ಕರೆಯುತ್ತಾರೆ. ಆ ವರ್ಷ ಗಂಡ ನನಗೆ ಅಕ್ಷರ ಕಲಿಸಿದ, ಮಾವ ಗಂಡನಿಗೆ ಈಜು ಕಲಿಸಿದರು. ಇಬ್ಬರಲ್ಲಿ ಯಾರು ಹೆಚ್ಚು ಅತ್ತರು ಎಂಬ ಚರ್ಚೆ ನಮ್ಮ ಮನೆಯಲ್ಲಿ ಇನ್ನೂ ಮುಗಿದಿಲ್ಲ.

ಮಾವನಿಗೆ ಇನ್ನೊಂದು ಹುಚ್ಚಿದೆ. ಅದು ತಲೆ ಎಣಿಸುವುದು. ಬಾವಿಗೆ ಎಷ್ಟು ತಲೆ ಇಳಿಯಿತೋ ಅಷ್ಟು ತಲೆ ಮೇಲೆ ಹತ್ತಬೇಕು, ಅಲ್ಲಿಯವರೆಗೆ ಅವರು ನೀರು ಬಿಟ್ಟು ಬರುವುದಿಲ್ಲ. ತುಟಿ ನೀಲಿಯಾದರೂ ಸರಿ, ಬೆರಳು ಸುಕ್ಕಾದರೂ ಸರಿ. ಒಂದು ತಲೆ ನೀರೊಳಗೆ ಹೋಯಿತೆಂದರೆ ಬಾಯಲ್ಲೇ ಒಂದು, ಎರಡು, ಮೂರು ಎನ್ನುತ್ತಾರೆ. ಮೂರಕ್ಕೂ ಮೇಲೆ ಬರಲಿಲ್ಲವೋ, ತಾವೂ ಮುಳುಗಿ ಎತ್ತಿಕೊಂಡೇ ಬರುತ್ತಾರೆ. ತಮಾಷೆಗೆ ಉಸಿರು ಬಿಗಿಹಿಡಿದು ಕೂತಿದ್ದ ಎಷ್ಟೋ ಶೂರರು ಜುಟ್ಟು ಹಿಡಿಸಿಕೊಂಡು ಮೇಲೆ ಬಂದಿದ್ದಾರೆ.

ಬಾವಿಯಲ್ಲಿ ಸರಿ, ಆದರೆ ಈ ಅಭ್ಯಾಸ ನೆಲಕ್ಕೂ ಹತ್ತಿಕೊಂಡರೆ ಏನು ಮಾಡುವುದು? ಮದುವೆಯೂಟದ ಪಂಕ್ತಿಯಲ್ಲಿ ಎಣಿಸುತ್ತಾರೆ. ಸಾವಿನ ಮನೆಯಲ್ಲೂ ಎಣಿಸುತ್ತಾರೆ! ಒಮ್ಮೆ ನಾವೆಲ್ಲ ವ್ಯಾನು ಮಾಡಿಕೊಂಡು ಪಳನಿಗೆ ಹೋಗಿದ್ದೆವು. ವಾಪಸು ಹೊರಟ ಮೇಲೆ ಮಾವ ಎಣಿಸಿದರು, ಒಂದು ತಲೆ ಕಮ್ಮಿ. ವ್ಯಾನು ತಿರುಗಿತು. ಬೆಟ್ಟದ ಬುಡದಲ್ಲಿ ಅರ್ಧ ಗಂಟೆ ಹುಡುಕಾಟ. ಯಾರನ್ನು ಹುಡುಕುತ್ತಿದ್ದೇವೆಂದು ಯಾರಿಗೂ ಗೊತ್ತಿಲ್ಲ, ಆದರೂ ಎಲ್ಲರೂ ಹುಡುಕಿದೆವು. ಕೊನೆಗೆ ಅತ್ತೆ, ಅಂದರೆ ಮಾವನ ಹೆಂಡತಿ, ಬಂದು ಮಾವನ ಎದೆಯ ಮೇಲೆ ಬೆರಳಿಟ್ಟು, "ಇದು?" ಎಂದರು. ಮಾವ ತಮ್ಮನ್ನೇ ಎಣಿಸಿಕೊಂಡಿರಲಿಲ್ಲ. ಇಂಥದ್ದೆಲ್ಲ ಅಜ್ಜಿಕಥೆಯಲ್ಲಿ ಮಾತ್ರ ನಡೆಯುತ್ತದೆಂದು ನಾನು ತಿಳಿದುಕೊಂಡಿದ್ದೆ.

ಎರಡು ವರ್ಷದ ಹಿಂದೆ ಪಕ್ಕದ ಊರಿನ ಪಾಳುಬಾವಿಯೊಂದರಲ್ಲಿ ಒಂದು ಮಗು ಹೋಗಿಬಿಟ್ಟಿತು. ಅಂದಿನಿಂದ ನಮ್ಮ ಊರಿನ ತಾಯಂದಿರು ಮಕ್ಕಳನ್ನು ಮಾವನ ಬಾವಿಯ ಹತ್ತಿರಕ್ಕೂ ಬಿಡಲಿಲ್ಲ. ಆ ಮಗುವಿಗೆ ಈಜು ಗೊತ್ತಿದ್ದರೆ ಬದುಕುತ್ತಿತ್ತು ಎಂದು ಮಾವ ಹೇಳಿದರು. ಬಾವಿಯೇ ಇಲ್ಲದಿದ್ದರೂ ಬದುಕುತ್ತಿತ್ತು ಎಂದು ತಾಯಂದಿರು ಹೇಳಿದರು. ಇಬ್ಬರ ಮಾತೂ ನಿಜವೇ ಆಗಿದ್ದರಿಂದ ಜಗಳ ಮುಗಿಯುವಂತೆಯೇ ಇರಲಿಲ್ಲ. ಮಾವನ ಮಗ ತಾಯಂದಿರ ಕಡೆ ಸೇರಿದ. ಬಾವಿಯ ಅಳತೆ ತೆಗೆಸಿ, ಮೇಲೆ ಪೂರ್ತಿ ಮುಚ್ಚಲು ಕಬ್ಬಿಣದ ಬಲೆ ಮಾಡಿಸಿ ತಂದು ಮೋಟಾರ್ ಮನೆಯ ಗೋಡೆಗೆ ಒರಗಿಸಿಯೂ ಬಿಟ್ಟ. ಮಾವ ದಿನಾ ಅದನ್ನು ನೋಡುತ್ತಿದ್ದರು. ಊಟ ಕಮ್ಮಿಯಾಯಿತು. ನಮ್ಮ ಮಾವನ ಊಟ ಕಮ್ಮಿಯಾಗುವುದೆಂದರೆ ಅಮರಾವತಿ ಅಣೆಕಟ್ಟು ಬತ್ತಿದ ಹಾಗೆ.

ಆಗ ದಾರಿ ತೋರಿಸಿದವನು ನನ್ನ ಗಂಡ. ಅವನು ಈಗ ಕೊಯಮತ್ತೂರಿನಲ್ಲಿ ದಿನಾ ಬೆಳಿಗ್ಗೆ ಈಜುಕೊಳಕ್ಕೆ ಹೋಗುವಷ್ಟು ಶೂರನಾಗಿದ್ದಾನೆ. ಹಿರಿಯರಿಗೆಂದೇ ಒಂದು ಅಂತರರಾಷ್ಟ್ರೀಯ ಈಜು ಪಂದ್ಯಾವಳಿ ಸಿಂಗಪುರದಲ್ಲಿ ನಡೆಯುತ್ತದೆ, ಅದರಲ್ಲಿ ಅರವತ್ತೈದು ದಾಟಿದ ಗಂಡಸರ ಐವತ್ತು ಮೀಟರ್ ಫ್ರೀಸ್ಟೈಲ್ ಇದೆ ಎಂದು ಸುದ್ದಿ ತಂದ. ಫ್ರೀಸ್ಟೈಲ್ ಅಂದರೆ ಏನೆಂದು ಮಾವ ಕೇಳಿದರು. ಹೇಗೆ ಬೇಕಾದರೂ ಈಜಬಹುದು ಎಂದು ತಿಳಿದಾಗ, ಇಷ್ಟು ಸುಲಭದ್ದಕ್ಕೆ ಇಂಗ್ಲಿಷ್ ಹೆಸರು ಯಾಕೆ ಎಂದರು.

ಎದುರು ತೋಟದ ಸೊಸೆ ತಾಯಂದಿರ ಮುಂದಾಳು. ವೆಳ್ಳಕೋಯಿಲಿನಿಂದ ಮದುವೆಯಾಗಿ ಬಂದವಳು, ನಮ್ಮವಳೇ, ಏಳು ವರ್ಷದ ಮಗಳಿದ್ದಾಳೆ. ಅವಳು ಎಲ್ಲರ ಪರವಾಗಿ ಮಾತು ಕೊಟ್ಟಳು: ಮಾವ ಅಲ್ಲಿ ಗೆದ್ದು ಬಂದರೆ ಮಕ್ಕಳನ್ನು ನಾವೇ ಕರೆತರುತ್ತೇವೆ, ಸೋತರೆ ಬಲೆ ಬೀಳಲಿ. ಮಾವನ ಮಗನೂ ಒಪ್ಪಿದ. ಹೀಗೆ ನಮ್ಮ ಊರಿನ ಬಾವಿಯ ಹಣೆಬರಹ ಸಿಂಗಪುರಕ್ಕೆ ಹೋಯಿತು.

ಇನ್ನು ತಯಾರಿ. ಕೊಯಮತ್ತೂರಿನ ಈಜುಕೊಳಕ್ಕೆ ಮೊದಲ ದಿನ ಹೋದಾಗಲೇ ಗಲಾಟೆ. ನೀರಿಗಿಳಿಯುವ ಮೊದಲು ಸ್ನಾನ ಮಾಡಬೇಕು ಎಂದರು. ಸ್ನಾನ ಮಾಡುವುದಕ್ಕೇ ಅಲ್ಲವೇ ನೀರಿಗಿಳಿಯುವುದು ಎಂಬುದು ಮಾವನ ವಾದ! ತಲೆಗೆ ಟೋಪಿ ಬೇಕು, ಕೂದಲು ನೀರಿಗೆ ಉದುರಬಾರದು ಎಂದರು. ಮಾವ ತಮ್ಮ ನುಣ್ಣನೆಯ ತಲೆ ಬಗ್ಗಿಸಿ ಕಾವಲುಗಾರನಿಗೆ ತೋರಿಸಿದರು. ಉದುರಬೇಕಾದದ್ದೆಲ್ಲ ನಮ್ಮ ಬಾವಿಯಲ್ಲೇ ಉದುರಿತ್ತು. ಕೊನೆಗೂ ನೀರಿಗೆ ಬಿದ್ದರು. ಬಾಣದಂತೆ ಹೊರಟರು. ನಲವತ್ತು ಅಡಿ ಹೋದವರು ನಡು ಕೊಳದಲ್ಲಿ ಫಕ್ಕನೆ ಕೈ ಚಾಚಿದರು. ಗೋಡೆ ಇಲ್ಲ! ಜೀವಮಾನವೆಲ್ಲ ನಲವತ್ತು ಅಡಿಗೆ ಗೋಡೆ ಮುಟ್ಟಿದ ಮನುಷ್ಯ ಆಶ್ಚರ್ಯದಲ್ಲಿ ಒಂದು ಲೋಟ ನೀರು ಕುಡಿದುಬಿಟ್ಟರು.

ನೇರವಾಗಿ ಈಜಿ ಅಭ್ಯಾಸವಾಗಲೆಂದು ಆಮೇಲೆ ಊರ ಪಕ್ಕದ ಕಾಲುವೆಗೆ ಇಳಿದರು. ಗಂಡ ದಂಡೆಯ ಮೇಲೆ ಐವತ್ತು ಮೀಟರ್ ಅಳೆದು ಎರಡು ಗೂಟ ನೆಟ್ಟ, ಕೈಯಲ್ಲಿ ಗಡಿಯಾರ ಹಿಡಿದ. ಮೊದಲ ದಿನವೇ ಮಾವ ಲೋಕದಲ್ಲಿ ಯಾರೂ ಈಜದಷ್ಟು ಬೇಗ ಈಜಿದರು! ಊರೆಲ್ಲ ಸುದ್ದಿ. ನೀರೂ ಅದೇ ಕಡೆಗೆ ಹರಿಯುತ್ತಿತ್ತಲ್ಲ ಎಂದು ಮಾವನ ಮಗ ಮೆಲ್ಲಗೆ ನೆನಪಿಸಿದ. ನಾನೇನು ಅದನ್ನು ಬಾ ಎಂದು ಕರೆದಿದ್ದೆನೇ ಎಂದು ಮಾವ ಸಿಟ್ಟಾದರು. ಆದರೆ ಮರುದಿನದಿಂದ ಹರಿವಿಗೆ ಎದುರಾಗಿಯೇ ಈಜಿದರು. ಮೊದಲ ವಾರ ಇದ್ದಲ್ಲೇ ಇದ್ದರು. ನಾಲ್ಕನೆಯ ತಿಂಗಳಿಗೆ ಎರಡನೆಯ ಗೂಟ ಮುಟ್ಟಿದರು. ಆ ದಿನ ನಾವು ಯಾರೂ ನಗಲಿಲ್ಲ. ಮಾವ ನಿಜವಾಗಿಯೂ ಗೆದ್ದರೂ ಗೆಲ್ಲಬಹುದು ಎಂದು ನಮಗೆ ಮೊದಲ ಬಾರಿಗೆ ಅನ್ನಿಸಿತು.

ಮಗನ ಜೊತೆ ಅವರು ಸಿಂಗಪುರಕ್ಕೆ ಹೋದರು. ಪಂದ್ಯದ ದಿನ ಭಾನುವಾರ. ಬೆಳಿಗ್ಗೆ ಹತ್ತಕ್ಕೇ ಕೊಬ್ಬರಿ ಒಣಗಿಸುವ ಕಳದ ಪಕ್ಕದ ಮಾಡಿನ ಕೆಳಗೆ ಟಿವಿ ಇಟ್ಟು, ಗಂಡ ಅದಕ್ಕೆ ತನ್ನ ಫೋನು ಜೋಡಿಸಿದ. ಊರೇ ಬಂದಿತ್ತು. ತಾಯಂದಿರೆಲ್ಲ ಮುಂದಿನ ಸಾಲಿನಲ್ಲಿ, ಎದುರು ತೋಟದ ಸೊಸೆ ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡು. ಅತ್ತೆ ಮಾತ್ರ ನನಗೇನೂ ಸಂಬಂಧವಿಲ್ಲ ಎನ್ನುವ ಹಾಗೆ ಹಿಂದೆ ಕೂತು, ಮೊರದಲ್ಲಿ ಹುಣಸೆಹಣ್ಣಿನ ಬೀಜ ತೆಗೆಯುತ್ತಿದ್ದರು. ಅತ್ತೆ ಹಾಗೆಯೇ. ನಾನು ಚಿಕ್ಕವಳಿದ್ದಾಗ ಬಾವಿಕಟ್ಟೆಯ ಮೇಲೂ ಅದೇ ಮೊರ ಹಿಡಿದು ಕೂತು, ಮಗುವಿನ ತಂದೆಯಾದರೂ ಮೀನಿನ ಬುದ್ಧಿ ಹೋಗಲಿಲ್ಲ ಎಂದು ಮಾವನನ್ನು ಬೈಯುತ್ತಿದ್ದರು.

ಎಂಟು ಜನ ಮುದುಕರು ಸಾಲಾಗಿ ನಿಂತರು. ಮಾವ ನಾಲ್ಕನೆಯ ಸಾಲು. ಉಳಿದವರು ತೋಳು ಬೀಸಿ ಮೈ ಬಿಸಿ ಮಾಡಿಕೊಳ್ಳುತ್ತಿದ್ದರೆ, ನಮ್ಮವರು ನೀರಿಗೆ ಕೈಮುಗಿದರು. ಶಬ್ದವಾಯಿತು, ಎಂಟೂ ಜನ ಹಾರಿದರು. ಮೇಲೆದ್ದ ತಲೆಗಳಲ್ಲಿ ಎಲ್ಲಕ್ಕಿಂತ ಮುಂದೆ ಇದ್ದದ್ದು ನಮ್ಮ ತಲೆ! ಬಾವಿಯಲ್ಲಿ ಈಜಿದವರು ತಲೆ ಎತ್ತಿಯೇ ಈಜುತ್ತಾರೆ, ಮೇಲಿನಿಂದ ಯಾರು ಯಾವಾಗ ಬೀಳುತ್ತಾರೋ ಎಂದು. ಆ ಎತ್ತಿದ ತಲೆ ಎದುರು ಹರಿವನ್ನು ಸೀಳಿದ ಹಾಗೆಯೇ ನುಗ್ಗುತ್ತಿತ್ತು. ಗಂಡ ಕುರ್ಚಿಯ ಮೇಲೆ ಹತ್ತಿ ನಿಂತಿದ್ದ. ನಾನು ಸೀರೆಯ ಸೆರಗು ಕಚ್ಚಿಕೊಂಡಿದ್ದೆ.

ಅಷ್ಟರಲ್ಲಿ ಆ ತಲೆ ಎಡಕ್ಕೆ ತಿರುಗಿತು. ಬಲಕ್ಕೆ ತಿರುಗಿತು. ಕೈ ನಿಂತಿತು. ಒಂದು ಕ್ಷಣ ಹಾಗೇ ನಿಂತ ಮಾವ, ಇದ್ದಕ್ಕಿದ್ದ ಹಾಗೆ ನೀರೊಳಗೆ ಮಾಯವಾದರು. ಉಳಿದವರೆಲ್ಲ ಅವರನ್ನು ದಾಟಿ ಹೋದರು.

ಎದುರು ತೋಟದ ಸೊಸೆ ಎದ್ದು ನಿಂತು, "ಅಯ್ಯೋ, ಮಾವಂಗೆ ಏನಾಯ್ತು?" ಎಂದಳು.

ಅತ್ತೆ ಹುಣಸೆಹಣ್ಣಿನಿಂದ ಕೈ ತೆಗೆಯಲಿಲ್ಲ. "ಏನೂ ಆಗಿಲ್ಲ. ತಲೆ ಒಂದು ಕಮ್ಮಿ ಬಂತು. ಹುಡ್ಕಕ್ಕೆ ಮುಳುಗವ್ರೆ."

ನಡೆದದ್ದು ಅದೇ. ಪಕ್ಕದ ಸಾಲಿನವನು ಹಾರಿದ ಮೇಲೆ ನೀರೊಳಗೇ ಕಾಲು ಬಡಿಯುತ್ತಾ ಬಹಳ ದೂರ ಸಾಗುವ ನಿಪುಣ. ಹದಿನೈದು ಮೀಟರಿನವರೆಗೆ ಹಾಗೆ ಹೋಗಲು ಅನುಮತಿ ಇದೆಯಂತೆ. ಮಾವನಿಗೆ ಅದೆಲ್ಲ ಏನು ಗೊತ್ತು? ಅಕ್ಕಪಕ್ಕ ಏಳು ತಲೆ ಇರಬೇಕಾಗಿತ್ತು, ಆರೇ ಕಾಣಿಸಿತು. ಒಂದು, ಎರಡು, ಮೂರು ಎಂದರು. ಸಾಲುಗಳ ನಡುವೆ ಕಟ್ಟಿದ್ದ ಹಗ್ಗದ ಅಡಿಯಿಂದ ಪಕ್ಕದ ಸಾಲಿಗೆ ನುಗ್ಗಿ ತಳವೆಲ್ಲ ತಡಕಿದರು. ಅವರು ಮೇಲೆ ಬರುವಷ್ಟರಲ್ಲಿ, ಮುಳುಗಿದ್ದ ಆ ಮಹಾನುಭಾವ ಎದುರು ಗೋಡೆ ಮುಟ್ಟಿ ಪಂದ್ಯವನ್ನೇ ಗೆದ್ದಿದ್ದ! ಮಾವ ಸುತ್ತಲೂ ನೋಡಿದರು. ತಲೆ ಏಳೂ ಇದ್ದವು. ಅವರು ನಕ್ಕಿದ್ದು ಟಿವಿಯಲ್ಲಿ ಚೆನ್ನಾಗಿ ಕಾಣಿಸಿತು. ಚಿನ್ನ ಗೆದ್ದವನ ಮುಖದಲ್ಲೂ ಅಷ್ಟು ಸಂತೋಷ ಇರಲಿಲ್ಲ. ಆಮೇಲೆ ನಿಧಾನವಾಗಿ ಈಜಿ ದಡ ಸೇರಿ, ಏಳೂ ಜನ ಹತ್ತಿದ ಮೇಲೆಯೇ ತಾವು ಹತ್ತಿದರು. ಬೇರೆಯವರ ಸಾಲಿಗೆ ಹೋದದ್ದಕ್ಕೆ ಅನರ್ಹ ಎಂದು ಫಲಕದಲ್ಲಿ ಬಂತು. ಗೆದ್ದವನು ಬಂದು ಕೈ ಕುಲುಕಿದಾಗ, ಅಷ್ಟು ಹೊತ್ತು ಮುಳುಗಿರಬಾರದು ಎಂದು ಮಾವ ಅವನಿಗೆ ತಮಿಳಿನಲ್ಲಿ ಬುದ್ಧಿ ಹೇಳಿದರಂತೆ.

ಕೊಯಮತ್ತೂರು ವಿಮಾನ ನಿಲ್ದಾಣದಿಂದ ಊರಿಗೆ ಹೋಗುವಾಗ ಕಾರಿನಲ್ಲಿ ಮಾವನ ಪಕ್ಕ ನಾನು ಕೂತಿದ್ದೆ. ಪಲ್ಲಡಂ ದಾಟಿದ ಮೇಲೆ ನನ್ನ ಕಡೆ ತಿರುಗಿದರು. "ಅಮ್ಮಿಣಿ, ಮೂರು ಎಣಿಸೋ ತಂಕ ಕಾದೆ. ಅವ್ನು ಬರ್ಲೇ ಇಲ್ಲ."

"ಗೊತ್ತು ಮಾವ."

"ಮಾತು ಮಾತೇ. ಬಲೆ ಹಾಕ್ಬುಡ್ಲಿ."

ನನಗೆ ಅಳು ಬಂತು. ಅಳಬಾರದೆಂದು ಕಿಟಕಿಯಾಚೆ ನೋಡುತ್ತಾ ಕೂತೆ.

ಮುಂದಿನ ಭಾನುವಾರ ಬಲೆ ಕೂರಿಸುವವರು ಬಂದರು. ಮಾವ ತಾವೇ ಮುಂದೆ ನಿಂತು ಬಲೆಯ ಒಂದು ತುದಿ ಎತ್ತಿದರು. ಆಗ ಎದುರು ತೋಟದ ಸೊಸೆ ಬಂದಳು. ಒಂದು ಕೈಯಲ್ಲಿ ಮಗಳು, ಇನ್ನೊಂದು ಕೈಯಲ್ಲಿ ಟವೆಲು. ಹಿಂದೆ ಇನ್ನೂ ನಾಲ್ಕೈದು ತಾಯಂದಿರು, ಅವರ ಮಕ್ಕಳು.

"ನಾವು ಸೋತ್ವಲ್ಲಮ್ಮ," ಎಂದರು ಮಾವ, ಬಲೆ ಹಿಡಿದುಕೊಂಡೇ.

"ನೀವು ಗೆದ್ದು ಬಂದಿದ್ರೆ ಕೊಟ್ಟ ಮಾತಿಗೆ ಕಳಿಸ್ತಿದ್ದೆ ಮಾವ," ಎಂದಳು ಅವಳು. "ಈಗ ನಂಬಿ ಕಳಿಸ್ತೀನಿ."

ಮಾವ ಬಲೆಯನ್ನು ಮೆಲ್ಲಗೆ ಕೆಳಗಿಟ್ಟರು. ಮುಂದಿನ ತಿಂಗಳು ಮಗ ಬಾವಿಯ ಸುತ್ತ ಎದೆಯೆತ್ತರದ ಗೋಡೆ ಕಟ್ಟಿಸಿ, ಬೀಗವಿರುವ ಬಾಗಿಲು ಇಡಿಸಿ, ಬೀಗದ ಕೈಯನ್ನು ಅಪ್ಪನ ಕೈಗೇ ಕೊಟ್ಟ. ಆ ಬಲೆ ಈಗ ಹಿತ್ತಲಿನಲ್ಲಿ ನಾಲ್ಕು ಕಂಬದ ಮೇಲೆ ಚಪ್ಪರವಾಗಿದೆ. ಅದರ ತುಂಬ ಅತ್ತೆ ಸೋರೆಬಳ್ಳಿ ಹಬ್ಬಿಸಿದ್ದಾರೆ. ಬುರುಡೆ ಎಷ್ಟಿದ್ದರೂ ಸಾಲುತ್ತಿಲ್ಲವಂತೆ.

ಮೊನ್ನೆ ನಾನು ಹೋದಾಗ ಬಾವಿಯಲ್ಲಿ ಹನ್ನೊಂದು ಮಕ್ಕಳಿದ್ದರು. ಅತ್ತೆ ಮೆಟ್ಟಿಲ ಮೇಲ್ತುದಿಯಲ್ಲಿ ಮೊರ ಹಿಡಿದು ಕೂತು ಎಂದಿನಂತೆ ಬೈಯುತ್ತಿದ್ದರು. ನಾನೂ ಪಕ್ಕದಲ್ಲಿ ಕೂತೆ. ಹೊತ್ತು ಏರಿತು. ಮಕ್ಕಳು ಒಬ್ಬೊಬ್ಬರಾಗಿ ಹತ್ತಿ ಬಂದರು, ನೀರಿನಲ್ಲಿ ನಿಂತ ಮಾವನ ಎಣಿಕೆ ಹನ್ನೊಂದಕ್ಕೆ ಮುಟ್ಟಿತು. ಇನ್ನೇನು, ಮುಗಿಯಿತಲ್ಲ ಎಂದು ನಾನು ಎದ್ದೆ. ಅತ್ತೆ ಏಳಲಿಲ್ಲ. ಮೊರದ ಕಡೆ ನೋಡಿದೆ. ಒಂದು ಹಣ್ಣಿನ ಬೀಜವೂ ತೆಗೆದಿರಲಿಲ್ಲ.

ಮಾವ ಗೋಡೆಯ ಕಲ್ಲು ಹಿಡಿದು, ಮಂಡಿ ನೋವಿಗೆ ಅಲ್ಲಲ್ಲಿ ನಿಂತು, ನಿಧಾನವಾಗಿ ಮೇಲೆ ಬಂದರು. ಅವರ ನುಣ್ಣನೆಯ ತಲೆ ಕಟ್ಟೆಯ ಮಟ್ಟಕ್ಕೆ ಬಂದಾಗ ಅತ್ತೆಯ ತುಟಿ ಅಲುಗಿತು.

"ಹನ್ನೆರಡು," ಎಂದರು.

ನಾನು ಅವರ ಮುಖವನ್ನೇ ನೋಡಿದೆ. ನಲವತ್ತು ವರ್ಷ ಇವರು ಇಲ್ಲಿ ಬೈಯಲು ಬಂದು ಕೂರುತ್ತಾರೆಂದು ನಾನು ತಿಳಿದಿದ್ದೆನಲ್ಲ!

"ಅವ್ರಿಗೆ ಅವ್ರ ತಲೆ ಲೆಕ್ಕಕ್ಕೆ ಬರಲ್ಲ ಅಮ್ಮಿಣಿ," ಎಂದು ಅತ್ತೆ ಮೊರ ಎತ್ತಿಕೊಂಡು, ಕಾಫಿಗೆ ಹಾಲು ಕಾಯಿಸಲು ಮನೆಯ ಕಡೆ ನಡೆದರು.