ಸಾಹೇಬನ ತಟ್ಟೆ, ಭಾವನವರ ಹೆಸರು

ಒಂದು ಮನೆಯ ನೆಂಟರಲ್ಲಿ ಯಾರು ಧಾರಾಳಿ, ಯಾರು ಜಿಪುಣ ಎಂದು ತಿಳಿಯಲು ಆ ಮನೆಯವರ ಜೊತೆ ಗಂಟೆಗಟ್ಟಲೆ ಮಾತಾಡಬೇಕಾಗಿಲ್ಲ. ಅಡುಗೆಮನೆಗೆ ಹೋಗಿ ಸ್ಟೀಲಿನ ಪಾತ್ರೆಗಳನ್ನು ಒಂದೊಂದಾಗಿ ತಿರುಗಿಸಿ ನೋಡಿದರೆ ಸಾಕು. ನಮ್ಮ ಕಡೆ ಮದುವೆಗೋ ಗೃಹಪ್ರವೇಶಕ್ಕೋ ಪಾತ್ರೆ ಕೊಡುವವರು ಬರೀ ಪಾತ್ರೆ ಕೊಟ್ಟು ಸುಮ್ಮನಾಗುವುದಿಲ್ಲ, ಅಂಗಡಿಯಲ್ಲೇ ಅದರ ಮೇಲೆ ತಮ್ಮ ಹೆಸರನ್ನು ಕೊರೆಸಿ ಕೊಡುತ್ತಾರೆ. ಸೀರೆ ಕೊಟ್ಟರೆ ಸೀರೆ ಹರಿಯುತ್ತದೆ, ಕೊಟ್ಟವರೂ ಮರೆತುಹೋಗುತ್ತಾರೆ. ಸ್ಟೀಲಿಗೆ ಆ ಸೌಕರ್ಯವಿಲ್ಲ. ಮಾತು ಬಿಟ್ಟು ವರ್ಷಗಳೇ ಆಗಿರುವ ನಾದಿನಿಯ ಲೋಟದಲ್ಲಿ ನಾನು ದಿನಾ ಬೆಳಿಗ್ಗೆ ಕಾಫಿ ಕುಡಿಯುತ್ತೇನೆ. ತೀರಿಹೋದ ಚಿಕ್ಕಮ್ಮನ ಪಾತ್ರೆಯಲ್ಲಿ ಹಾಲು ಉಕ್ಕಿದಾಗ ಚಿಕ್ಕಮ್ಮನೇ ಬೈದಂತೆ ಕೇಳಿಸುತ್ತದೆ. ಸೌಟಿನ ಹಿಡಿಯ ಮೇಲೂ ಹೆಸರು ಕೊರೆಸಿದ ಒಬ್ಬ ಮಹಾನುಭಾವರು ನಮ್ಮ ನೆಂಟರಲ್ಲಿದ್ದಾರೆ. ಸೌಟೇ ಅಷ್ಟು ಸಣ್ಣದು, ಹೆಸರಿಗೆ ಜಾಗ ಸಾಲದೆ ಇನಿಷಿಯಲ್ಲಿಗೇ ನಿಂತಿದೆ.

ಇವೆಲ್ಲದರ ನಡುವೆ ನನ್ನ ಗೋಳು ಹುಯ್ದುಕೊಂಡದ್ದು ನಮ್ಮ ಭಾವನವರ ತಟ್ಟೆ. ಭಾವನವರೆಂದರೆ ನಮ್ಮ ಮನೆಯವರ ಅಣ್ಣ, ಸಿದ್ದಪ್ಪಗೌಡರು. ಕಳಸದಿಂದ ಹೊರನಾಡಿಗೆ ಹೋಗುವ ದಾರಿಯಲ್ಲಿ ನಮ್ಮ ತೋಟ, ಗುಡ್ಡದ ಆಚೆ ಬದಿಗೆ ಅವರದು. ನಾವು ಹೊಸ ಮನೆ ಕಟ್ಟಿ ಒಕ್ಕಲಾದಾಗ ಅವರೊಂದು ಊಟದ ತಟ್ಟೆ ಕೊಟ್ಟರು. ಬೆರಳಲ್ಲಿ ಒತ್ತಿದರೆ ಟೊಕ್ ಎಂದು ಒಳಗೆ ಹೋಗಿ, ಬಿಟ್ಟರೆ ಟೊಕ್ ಎಂದು ಹೊರಗೆ ಬರುವಷ್ಟು ತೆಳ್ಳಗಿನದು. ಉಳಿದವರು ಹೆಸರನ್ನು ಅಂಚಿನಲ್ಲೋ ಹಿಂಬದಿಯಲ್ಲೋ ಹಾಕಿಸುತ್ತಾರೆ. ಭಾವನವರು ನಟ್ಟನಡುವೆ, ಅನ್ನ ಬಡಿಸುವ ಜಾಗದಲ್ಲೇ ಹಾಕಿಸಿದ್ದರು: ‘ಸಿದ್ದಪ್ಪಗೌಡ, ಬಿ.ಎ., ಇವರ ಪ್ರೀತಿಯ ಕಾಣಿಕೆ’. ಪ್ರೀತಿ ಸಣ್ಣಕ್ಷರದಲ್ಲಿತ್ತು, ಬಿ.ಎ. ದೊಡ್ಡಕ್ಷರದಲ್ಲಿತ್ತು. ಅದರಲ್ಲಿ ಊಟ ಮಾಡಿದರೆ ಕೊನೆಯ ತುತ್ತಿಗೆ ಅವರು ಅಡಿಯಿಂದ ಎದ್ದು ಬಂದು ‘ಊಟ ಆಯ್ತಾ’ ಎಂದು ವಿಚಾರಿಸಿದ ಹಾಗಾಗುತ್ತಿತ್ತು. ನಾನು ಅದನ್ನು ಅಟ್ಟಕ್ಕೆ ಹಾಕಿದೆ.

ಹಾಗೆಂದು ಭಾವನವರನ್ನು ಅಟ್ಟಕ್ಕೆ ಹಾಕುವಂತಿರಲಿಲ್ಲ. ನಮಗೆ ಕಾಫಿ ಒಣಗಿಸಲು ಸಿಮೆಂಟಿನ ಕಣ ಇರಲಿಲ್ಲ, ಅವರಿಗೆ ಇತ್ತು. ಪಾಲಾಗುವಾಗ ಕಣ ಅವರ ಕಡೆ ಹೋಗಿ, ‘ಬಳಸಿಕೊಳ್ಳಿ, ಅದಕ್ಕೇನು’ ಎಂಬ ಬಾಯಿಮಾತು ನಮ್ಮ ಕಡೆ ಬಂದಿತ್ತು. ಆ ಬಾಯಿ ಕೆಟ್ಟರೆ ನಮ್ಮ ಕಾಫಿ ಎಲ್ಲಿ ಒಣಗಬೇಕು? ಆದ್ದರಿಂದ ನಾನು ಅವರೆದುರು ತಲೆತುಂಬ ಸೆರಗು ಹೊದ್ದ ಸೊಸೆಯಂತಿರುತ್ತಿದ್ದೆ, ಬೆನ್ನ ಹಿಂದೆ ಮಾತ್ರ ಹೀಗೆ.

ಈಗ ಸಾಹೇಬನ ಕತೆ. ಕುದುರೆಮುಖದಲ್ಲಿ ಗಣಿ ನಿಂತು, ಟೌನ್‌ಶಿಪ್ಪಿನ ಕ್ವಾರ್ಟರ್ಸುಗಳು ಒಂದೊಂದಾಗಿ ಖಾಲಿಯಾಗುತ್ತಿದ್ದ ಕಾಲ. ಬಿಟ್ಟು ಹೋಗುವವರು ಮಂಚ, ಕುರ್ಚಿ, ಫ್ರಿಜ್ಜುಗಳನ್ನು ಸಿಕ್ಕಿದ ಬೆಲೆಗೆ ಕೊಡುತ್ತಿದ್ದಾರೆಂದು ನಮ್ಮ ಕಡೆಯಿಂದ ಜೀಪುಗಳು ಹೋಗುತ್ತಿದ್ದವು. ನಾನೂ ಒಂದು ಮಿಕ್ಸಿಯ ಆಸೆಗೆ ನಮ್ಮ ಮನೆಯವರನ್ನು ಹೊರಡಿಸಿದೆ. ಮಿಕ್ಸಿ ಸಿಕ್ಕಿತು. ಅದನ್ನು ಮಾರಿದ ಮನೆಯ ಪಕ್ಕದ ಕ್ವಾರ್ಟರ್ಸಿಗೆ ಬೀಗ ಬಿದ್ದಿತ್ತು, ಗೇಟಿನ ಮುಂದೆ ಕಂದುಬಣ್ಣದ ಒಂದು ನಾಯಿ ನೆಟ್ಟಗೆ ಕೂತಿತ್ತು. ಅದರ ಮನೆಯವರು ದೂರದ ಊರಿಗೆ ಹೋಗಿ ವಾರಗಳೇ ಆಗಿದ್ದವಂತೆ. ಮಳೆ ಬಂದರೂ ಜಾಗ ಬಿಟ್ಟು ಏಳುವುದಿಲ್ಲವಂತೆ. ಅದು ನನ್ನನ್ನು ನೋಡಿತು. ಬಾಲ ಅಲ್ಲಾಡಿಸಲಿಲ್ಲ, ಕುಂಯ್‌ಗುಟ್ಟಲಿಲ್ಲ. ಬೇಡುವುದು ಅಭ್ಯಾಸವಿಲ್ಲದವರಿಗೆ ಕಷ್ಟ ಬಂದರೆ ಹೇಗೆ ನೋಡುತ್ತಾರೋ ಹಾಗೆ ನೋಡಿತು. ಮಿಕ್ಸಿಯನ್ನು ತೊಡೆಯ ಮೇಲಿಟ್ಟುಕೊಂಡು, ನಾಯಿಯನ್ನು ಹಿಂದಿನ ಸೀಟಿಗೆ ಹತ್ತಿಸಿಕೊಂಡು ಬಂದೆ. “ಎಂತ ಮಾರಾಯ್ತಿ, ಮಿಕ್ಸಿಗೆ ಅದು ಫ್ರೀಯಾ?” ಎಂದರು ನಮ್ಮ ಮನೆಯವರು. ಮಿಕ್ಸಿಯ ಮೋಟಾರು ಮೊದಲ ಸಲ ಉದ್ದು ಹಾಕಿದಾಗಲೇ ಸುಟ್ಟುಹೋಯಿತು. ನಾಯಿ ಉಳಿಯಿತು.

ಉಳಿಯಿತು ಎಂದೆನಲ್ಲ, ಮೊದಮೊದಲು ಅದೂ ಅನುಮಾನವೇ ಆಗಿತ್ತು. ಅದು ಅನ್ನ ಮುಟ್ಟಲೇ ಇಲ್ಲ. ನಮ್ಮ ತೋಟದ ನಾಯಿಗಳು ಅಡಿಕೆ ಹಾಳೆಯಲ್ಲಿ ಹಾಕಿದ್ದನ್ನು ಹಾಳೆಯ ಸಮೇತ ತಿನ್ನುವ ಜಾತಿಯವು. ಇದು ಹಾಳೆಯನ್ನು ಮೂಸಿ, ನನ್ನ ಮುಖ ನೋಡಿ, ಆಚೆ ಹೋಗಿ ಕೂತಿತು. ಅಲ್ಯೂಮಿನಿಯಂ ಬೋಗುಣಿ ಇಟ್ಟೆ, ಬೇಡ. ಕುಡಿಕೆ, ಬೇಡ. ಮೊಸರನ್ನ, ಕೋಳಿ ಸಾರು, ಚಪಾತಿ ಯಾವುದಕ್ಕೂ ಜಗ್ಗಲಿಲ್ಲ. ಪಕ್ಕೆಲುಬು ಕಾಣಿಸತೊಡಗಿತು. ಪಶುವೈದ್ಯರು ಬಂದು ಬಾಯಿ ಬಿಡಿಸಿ ನೋಡಿ, ಕಾಯಿಲೆ ಇಲ್ಲ, ಮನಸ್ಸಿಗೆ ಹಚ್ಚಿಕೊಂಡಿದೆ ಎಂದರು. ಕೊನೆಗೊಂದು ದಿನ ನಾನು ಹಿಂದಿನ ಮೆಟ್ಟಿಲ ಮೇಲೆ ಕೂತು ನನ್ನ ತಟ್ಟೆಯಲ್ಲಿ ಊಟ ಮಾಡುತ್ತಿದ್ದಾಗ ಅದು ಹತ್ತಿರ ಬಂದು ತಟ್ಟೆಯನ್ನೇ ನೋಡಿತು. ಆಗ ಹೊಳೆಯಿತು. ಅದಕ್ಕೆ ಬೇಕಾಗಿದ್ದದ್ದು ಬೇರೆ ಊಟವಲ್ಲ, ಸ್ಟೀಲಿನ ತಟ್ಟೆ. ಆಫೀಸರ ಮನೆಯಲ್ಲಿ ಅದು ಹಾಗೇ ಉಂಡಿರಬೇಕು. ಅಂದೇ ಅದಕ್ಕೆ ಸಾಹೇಬ ಎಂದು ಹೆಸರಿಟ್ಟೆವು.

ಆದರೆ ಯಾರ ತಟ್ಟೆ ಕೊಡುವುದು? ಪಾತ್ರೆ ಸ್ಟ್ಯಾಂಡಿನ ಮುಂದೆ ನಿಂತೆ. ನನ್ನ ಅಮ್ಮನದನ್ನು ಕೊಡುವುದುಂಟೇ? ನನ್ನ ಜೊತೆ ಓದಿದ ಗೆಳತಿಯದು, ಪಾಪ, ಗಟ್ಟಿ ತಟ್ಟೆ. ನಾದಿನಿಯದು ಕೊಡಬಹುದಿತ್ತು, ಆದರೆ ಅವಳು ಕೊಟ್ಟದ್ದು ಬರೀ ಲೋಟಗಳು. ಕೈ ತಾನಾಗಿ ಅಟ್ಟದ ಕಡೆ ಹೋಯಿತು.

ಸಾಹೇಬ ಆ ತಟ್ಟೆಯಲ್ಲಿ ಉಂಡ ರೀತಿಯನ್ನು ನಾನು ಮರೆಯುವಂತಿಲ್ಲ. ಮೊದಲು ಅನ್ನ, ಆಮೇಲೆ ಸಾರು, ಆಮೇಲೆ ತಟ್ಟೆ. ನೆಕ್ಕಿ ನೆಕ್ಕಿ ಅಕ್ಷರಗಳ ಸಂದಿನಲ್ಲೂ ಏನೂ ಉಳಿಸಲಿಲ್ಲ. ನನ್ನ ಕಣ್ಣಲ್ಲಿ ನೀರು ಬಂತು. ಆಮೇಲೆ ದಿನಾ ಅದೇ ಕ್ರಮ. ‘ಸಿದ್ದಪ್ಪ’ ಕಂಡರೆ ಅರ್ಧ ಊಟ, ‘ಬಿ.ಎ.’ ಕಂಡರೆ ಮುಗಿಯಿತು ಎಂದು ಲೆಕ್ಕ. ನಮ್ಮ ಮನೆಯವರಿಗೆ ಮಾತ್ರ ಸಮಾಧಾನವಿರಲಿಲ್ಲ.

“ಅಣ್ಣಯ್ಯ ನೋಡಿದ್ರೆ ಎಂತ ಗತಿ?”

“ಅವ್ರು ನಮ್ಮನೆ ಹಿತ್ತಿಲಿಗೆ ಯಾವಾಗ ಬಂದಿದ್ದಾರೆ? ಜಗುಲಿ ದಾಟೋದಿಲ್ಲ.”

“ಕಣ ಅವ್ರದ್ದು, ನೆನಪಿರ್ಲಿ,” ಎಂದರು. ಆದರೆ ಬೇರೆ ತಟ್ಟೆಯಲ್ಲಿ ಹಾಕಿ ನೋಡಿದರೆ ಸಾಹೇಬ ನಮ್ಮ ಗೇಟಿನ ಹತ್ತಿರ ಹೋಗಿ ಬೆನ್ನು ಹಾಕಿ ಕೂತುಬಿಡುತ್ತಿದ್ದ.

ಇಷ್ಟರಲ್ಲಿ ನಮ್ಮ ಕ್ಷೇತ್ರದ ತಾಲ್ಲೂಕು ಪಂಚಾಯ್ತಿ ಸದಸ್ಯರು ತೀರಿಕೊಂಡು ಉಪಚುನಾವಣೆ ಬಂತು. ಭಾವನವರು ನಿಂತರು. ಅವರು ರಾಜಕೀಯಕ್ಕೆ ಹೊಸಬರಲ್ಲ, ಒಂದು ಪಕ್ಷಕ್ಕೆ ಹಳಬರೂ ಅಲ್ಲ. ಎಲ್ಲ ಪಕ್ಷಗಳಲ್ಲೂ ಸ್ವಲ್ಪ ಸ್ವಲ್ಪ ದಿನ ಇದ್ದು, ಯಾರಿಗೂ ಅನ್ಯಾಯ ಮಾಡಿದವರಲ್ಲ. ಹೆಗಲ ಮೇಲಿನ ಶಾಲಿನ ಬಣ್ಣ ಬದಲಾಗುತ್ತಿತ್ತು, ಭಾಷಣ ಅದೇ ಇರುತ್ತಿತ್ತು: ರಸ್ತೆ, ಆನೆ, ಕಾಫಿ ರೇಟು, ಕೊನೆಗೆ ತಾಯಂದಿರಿಗೆ ನಮಸ್ಕಾರ. ಈ ಸಲ ಯಾವ ಪಕ್ಷವೂ ಕರೆಯದೆ ಪಕ್ಷೇತರರಾಗಿದ್ದರು. ಸ್ವಂತ ತಮ್ಮನ ಮನೆ ಬಿಟ್ಟು ಪ್ರಚಾರ ಶುರು ಮಾಡಿದರೆ ಜನ ಏನಂದಾರು ಎಂದು ಒಂದು ಮಧ್ಯಾಹ್ನ ಜೀಪು ತುಂಬ ಜನರನ್ನು ತುಂಬಿಕೊಂಡು, ಮುನ್ಸೂಚನೆ ಇಲ್ಲದೆ ನಮ್ಮ ಮನೆಗೇ ಬಂದರು.

ಕೆಳಗಿನ ತಿರುವಿನಲ್ಲಿ ಜೀಪಿನ ಹಾರನ್ ಕೇಳಿದಾಗ ನಾನು ಒಲೆಯ ಮೇಲಿಂದ ಕಡುಬು ಇಳಿಸುತ್ತಿದ್ದೆ, ಪಕ್ಕದಲ್ಲಿ ಕೋಳಿ ಸಾರು ಕುದಿಯುತ್ತಿತ್ತು. ತಟ್ಟೆ ಹಿತ್ತಿಲ ಬಟ್ಟೆ ಒಗೆಯುವ ಕಲ್ಲಿನ ಮೇಲೆ, ತೊಳೆದು ಒಣಗಲು ಇಟ್ಟಲ್ಲೇ ಥಳಥಳಿಸುತ್ತಿತ್ತು. “ರೀ, ಆ ತಟ್ಟೆ ಯಾರ ಕಣ್ಣಿಗೂ ಬೀಳದ ಹಾಗೆ ಇಡಿ,” ಎಂದು ಕೂಗಿದೆ. ಅವರು ಓಡಿದರು, ಇಟ್ಟರು, ಓಡಿಬಂದು ಅಣ್ಣನನ್ನು ಎದುರುಗೊಂಡರು. ನಾನು ಸಾರಿಗೆ ಒಗ್ಗರಣೆ ಕೊಡುವ ಗಡಿಬಿಡಿಯಲ್ಲಿ ಎಲ್ಲಿಟ್ಟಿರಿ ಎಂದು ಕೇಳಲಿಲ್ಲ. ಮುಂದೆ ಅವರು ವಾದಿಸಿದ್ದು ಹೀಗೆ: ತಟ್ಟೆಯನ್ನು ಬಚ್ಚಿಡಲು ತಟ್ಟೆಗಳ ಮಧ್ಯಕ್ಕಿಂತ ಒಳ್ಳೆಯ ಜಾಗ ಯಾವುದಿದೆ? ಒಟ್ಟಿನಲ್ಲಿ ನಾನು ಸ್ಟ್ಯಾಂಡಿನಿಂದ ತಟ್ಟೆಗಳನ್ನು ಹೆಸರು ನೋಡದೆ ಎಳೆದೆಳೆದು ಕಡುಬು ಹಾಕಿ, ಸಾರು ಸುರಿದು ಕೊಟ್ಟೆ, ಅವರು ಜಗುಲಿಗೆ ಒಯ್ದು ಹಂಚಿದರು.

ನೀರು ಕೊಡಲು ನಾನು ಹೊರಗೆ ಬಂದಾಗ ಸಾಹೇಬ ಜಗುಲಿಗೆ ಬಂದು ಕೂತಿದ್ದ. ಅಷ್ಟೂ ಜನರಲ್ಲಿ ಸರಿಯಾಗಿ ಭಾವನವರ ಎದುರಿಗೇ, ನೆಟ್ಟಗೆ, ಹಿಂದೆ ಆ ಬೀಗ ಹಾಕಿದ ಗೇಟಿನ ಮುಂದೆ ಕೂತಿದ್ದ ಹಾಗೆಯೇ. ನೋಟ ಭಾವನವರ ಮೇಲಿರಲಿಲ್ಲ, ತೊಡೆಯ ಮೇಲಿನ ತಟ್ಟೆಯ ಮೇಲಿತ್ತು. ನಮ್ಮ ಮನೆಯವರ ಕಡೆ ನೋಡಿದೆ. ಅವರು ಮಾಡಿನ ಹೆಂಚು ಎಣಿಸುತ್ತಿದ್ದರು.

“ಭಾವ, ಆ ತಟ್ಟೆ ಹಳೇದು, ಬೇರೆ ತಂದುಕೊಡ್ತೀನಿ,” ಎಂದೆ.

“ಕೂಳಿಗೆ ಹಳೇ ತಟ್ಟೆ ಹೊಸ ತಟ್ಟೆ ಉಂಟಾ? ಇನ್ನೊಂದು ಕಡುಬು ಹಾಕು ಸುಶೀಲ, ಸಾರು ಲಾಯ್ಕಾಗಿದೆ.”

ಬೇರೆ ದಾರಿ ಇರಲಿಲ್ಲ. ಕಡುಬು ಹಾಕುತ್ತಿದ್ದರೆ ಅಕ್ಷರ ಮುಚ್ಚಿರುತ್ತದೆ ಎಂದು ಒಂದಕ್ಕೆ ಎರಡು ಹಾಕಿದೆ. ಆದರೆ ಚುನಾವಣೆಗೆ ನಿಂತವರ ಹಸಿವೇ ಬೇರೆ. ಸಾರು ಇಳಿಯಿತು, ‘ಸಿದ್ದಪ್ಪ’ ಮೂಡಿತು. ಬೆರಳಲ್ಲಿ ಬಳಿದು ನೆಕ್ಕಿದರು, ‘ಬಿ.ಎ.’ ಬಂತು. ಭಾವನವರು ಸ್ವಲ್ಪ ಹೊತ್ತು ತಟ್ಟೆಯನ್ನೇ ನೋಡಿದರು. ನಮ್ಮ ಕಾಫಿ ಮಳೆಯಲ್ಲಿ ಕೊಳೆಯುವುದು ನನ್ನ ಕಣ್ಣ ಮುಂದೆ ಬಂತು.

“ನೋಡಿದ್ರಾ,” ಎಂದು ಅವರು ತಟ್ಟೆಯನ್ನೆತ್ತಿ ಎಲ್ಲರಿಗೂ ತೋರಿಸಿದರು. “ಇವ್ರ ಒಕ್ಲಿಗೆ ನಾನು ಕೊಟ್ಟ ತಟ್ಟೆ. ಇವತ್ತಿಗೂ ದಿನಾ ಬಳಸ್ತಾರೆ. ಹ್ಯಾಗೆ ಹೊಳೀತದೆ ನೋಡಿ ಮಾರಾಯ್ರೆ, ನಮ್ಮನೇಲಿ ಒಂದು ಪಾತ್ರೆ ಹೀಗಿಲ್ಲ. ಎಂತದ್ರಲ್ಲಿ ಉಜ್ಜೋದು ಸುಶೀಲ, ಬೂದೀಲಾ?”

“ಬೂದಿ ಅಲ್ಲ ಭಾವ,” ಎಂದೆ. ಅವರ ಲೋಟಕ್ಕೆ ನೀರು ಬಗ್ಗಿಸಿದೆ.

“ಈ ನಾಯಿ ನೋಡಿ ಗೌಡ್ರೆ,” ಎಂದ ಜೊತೆಗೆ ಬಂದವರಲ್ಲೊಬ್ಬ. “ಬಂದಾಗಿಂದ ನಿಮ್ಮ ಮುಂದೇ ಕೂತಿದೆ. ಪ್ರಾಣಿಗಳಿಗೆ ಮನುಷ್ಯರ ಗುಣ ಗೊತ್ತಾಗ್ತದೆ.” ಭಾವನವರು ಎಡಗೈಯಿಂದ ಸಾಹೇಬನ ತಲೆ ಸವರಿದರು. ಸಾಹೇಬ ತಲೆ ಸವರಿಸಿಕೊಂಡ, ತಟ್ಟೆಯ ಮೇಲಿನ ಕಣ್ಣು ಕೀಳಲಿಲ್ಲ.

ಆಮೇಲೆ ಆದದ್ದು ಇನ್ನೂ ಕಷ್ಟ. ಭಾವನವರು ಹೋದಲ್ಲೆಲ್ಲ ಭಾಷಣದಲ್ಲಿ ಆನೆ ಮತ್ತು ಕಾಫಿ ರೇಟಿನ ನಡುವೆ ನಮ್ಮ ತಟ್ಟೆಯನ್ನು ಸೇರಿಸಿದರು. ‘ನಾನು ಕೊಟ್ಟದ್ದು ಕೈಬಿಟ್ಟು ಹೋಗುವುದಿಲ್ಲ, ಬೇಕಾದರೆ ನನ್ನ ತಮ್ಮನ ಮನೆಗೆ ಹೋಗಿ ನೋಡಿ’ ಎಂದು ಕರೆಕೊಟ್ಟರು. ಒಂದಿಬ್ಬರು ನಿಜವಾಗಿಯೂ ಬಂದರು. ಅವರು ಬಂದಾಗ ತಟ್ಟೆಯಲ್ಲಿ ಸಾಹೇಬನ ಮಧ್ಯಾಹ್ನದ ಊಟ ನಡೆದಿತ್ತು, ನಾನು ಹಿತ್ತಿಲ ಬಾಗಿಲು ಹಾಕಿ ಕಾಫಿ ಕೊಟ್ಟು ಕಳಿಸಿದೆ.

ಭಾವನವರು ಸೋತರು. ಚೆನ್ನಾಗಿಯೇ ಸೋತರು. ಫಲಿತಾಂಶದ ಮರುದಿನ ಜೀಪಿಲ್ಲದೆ, ಜನರಿಲ್ಲದೆ, ಶಾಲೂ ಇಲ್ಲದೆ, ಗುಡ್ಡ ಹತ್ತಿ ಇಳಿದು ಒಬ್ಬರೇ ಬಂದರು. ಜಗುಲಿಯಲ್ಲಿ ಕೂತರು. ಆಮೇಲೆ ಅಂದರು: “ಊಟ ಇದ್ರೆ ಹಾಕು ಸುಶೀಲ. ನನ್ನ ತಟ್ಟೇಲೇ ಹಾಕು.” ನನಗೆ ನಾಚಿಕೆಯಾಯಿತು. ಅವರ ಮೇಲೆ ಎಷ್ಟೋ ವರ್ಷಗಳಿಂದ ಆಡಿಕೊಂಡಿದ್ದ ಮಾತುಗಳೆಲ್ಲ ನನ್ನ ಗಂಟಲಿಗೇ ವಾಪಸ್ಸು ಬಂದ ಹಾಗಾಯಿತು. ಆದರೆ ನಾಚಿಕೆಯಾದರೇನು, ತಟ್ಟೆ ಇದ್ದದ್ದು ಒಂದೇ. ಬಿಸಿನೀರಲ್ಲಿ ಮೂರು ಸಲ ತೊಳೆದು, ದೇವರ ಮನೆಯ ಕಡೆ ನೋಡದೆ ಬಡಿಸಿದೆ. ಅವರು ಉಂಡರು, ಸಾಹೇಬ ಎದುರು ಕೂತ. ಎದ್ದು ಹೋಗುವಾಗ “ಇಡೀ ಕ್ಷೇತ್ರದಲ್ಲಿ ನನ್ನ ಹೆಸರು ಉಳಿಸಿಕೊಂಡ ಮನೆ ಇದೊಂದೇ ನೋಡು,” ಎಂದರು.

ಮಾರನೆಯ ದಿನವೇ ಕಳಸದ ಪಾತ್ರೆ ಅಂಗಡಿಗೆ ಹೋಗಿ, ಗಟ್ಟಿಯಾದ ಇನ್ನೊಂದು ತಟ್ಟೆ ಕೊಂಡು, ಅದೇ ಹೆಸರನ್ನು ಅದೇ ಜಾಗದಲ್ಲಿ, ಬಿ.ಎ. ಇನ್ನೂ ದೊಡ್ಡದಾಗಿ ಕೊರೆಸಿದೆ. “ಗೌಡ್ರ ಕಾಣಿಕೆ, ದುಡ್ಡು ನಿಮ್ದು, ಇದೆಂತ ಅಮ್ಮಾ?” ಎಂದ ಅಂಗಡಿಯವನಿಗೆ ನಮ್ಮಲ್ಲಿ ಹಾಗೇ ಎಂದೆ. ಸಾಹೇಬನನ್ನು ಹೊಸ ತಟ್ಟೆಗೆ ಒಗ್ಗಿಸುವುದು ಸಾಧ್ಯವಿರಲಿಲ್ಲ, ಭಾವನವರನ್ನು ಒಗ್ಗಿಸುವುದು ಸುಲಭ.

ಕೊಯ್ಲು ಬಂತು. ನಮ್ಮ ಕಾಫಿ ಯಾವ ಅಡ್ಡಿಯಿಲ್ಲದೆ ಭಾವನವರ ಕಣಕ್ಕೆ ಹೋಯಿತು. ಕಾಫಿ ತಿರುವಿ ಹಾಕಿಸಲು ನಾನೂ ಹೋಗಿದ್ದೆ. ಮಧ್ಯಾಹ್ನ ಭಾವನವರ ಹೆಂಡತಿ, ನನ್ನ ಓರಗಿತ್ತಿ ಗೌರಕ್ಕ, “ಬಾ ಮಾರಾಯ್ತಿ, ಒಂದಿಷ್ಟು ತಿಂದು ಹೋಗು,” ಎಂದು ಜಗುಲಿಯಲ್ಲಿ ಕೂರಿಸಿ, ತಾವು ಸ್ನಾನದ ಒಲೆಗೆ ಬೆಂಕಿ ಹಾಕಲು ಹೋಗಿ ಕೆಲಸದವಳ ಕೈಯಲ್ಲಿ ಕಡುಬು, ಕಾಯಿಹಾಲು ಕಳಿಸಿದರು. ತಿನ್ನುತ್ತ ತಿನ್ನುತ್ತ ತಟ್ಟೆಯ ಅಂಚಿನಲ್ಲಿ ಅಕ್ಷರ ಕಂಡಿತು: ‘ಸುಶೀಲ ನಾರಾಯಣಗೌಡ’. ಅವರ ಮಗಳ ಮದುವೆಗೆ ನಾನೇ ಕೊಟ್ಟ ತಟ್ಟೆ. ಎಷ್ಟು ವರ್ಷವಾಯಿತು, ಇನ್ನೂ ಹೇಗೆ ಇಟ್ಟುಕೊಂಡಿದ್ದಾರೆ, ಪ್ರೀತಿಯೆಂದರೆ ಇದು ಎಂದು ನನ್ನ ಎದೆ ತುಂಬಿ ಬಂತು. ಗೌರಕ್ಕನಿಗೆ ಹೇಳಬೇಕೆಂದು ತಲೆಯೆತ್ತುವಷ್ಟರಲ್ಲಿ ಅಂಗಳದಿಂದ ಒಂದು ಹೇಂಟೆಕೋಳಿ, ಹಿಂದೆ ಅದರ ಮರಿಗಳ ದಂಡು, ಯಾರ ಅಪ್ಪಣೆಗೂ ಕಾಯದೆ ಜಗುಲಿಯ ಮೆಟ್ಟಿಲು ಹತ್ತಿ ಬಂದವು. ಬಂದು ನನ್ನ ಸುತ್ತ ನಿಂತವು. ಒಂದು ಮರಿ ಕತ್ತು ಚಾಚಿ, ಬಹಳ ಪರಿಚಯದವರ ಮನೆಯ ಬಾಗಿಲು ತಟ್ಟುವ ಹಾಗೆ ನನ್ನ ಹೆಸರಿನ ಮೇಲೆ ಟಕ್ ಟಕ್ ಎಂದು ಕುಟುಕಿತು.

ಅಷ್ಟು ಹೊತ್ತಿಗೆ ಒಳಗಿನಿಂದ ಬಂದ ಗೌರಕ್ಕ ತಟ್ಟೆ ನೋಡಿದರು, ಮರಿಗಳನ್ನು ನೋಡಿದರು. “ಹುಶ್, ಹುಶ್,” ಎಂದರು, ಬೇಕಾದ್ದಕ್ಕಿಂತ ಸ್ವಲ್ಪ ಜೋರಾಗಿ. ಆಮೇಲೆ ನನ್ನ ಮುಖ ನೋಡದೆ, “ಆ ತಟ್ಟೆ ಹಳೇದು ಸುಶೀಲ, ಬೇರೆ ತಂದುಕೊಡ್ತೀನಿ,” ಎಂದರು.

ಕಣದ ಕಡೆ ನೋಡಿದೆ. ನಮ್ಮ ಕಾಫಿ ಇನ್ನೂ ಅರ್ಧವೂ ಒಣಗಿರಲಿಲ್ಲ. “ಕೂಳಿಗೆ ಹಳೇ ತಟ್ಟೆ ಹೊಸ ತಟ್ಟೆ ಉಂಟಾ ಅಕ್ಕ,” ಎಂದು ಇನ್ನೊಂದು ಕಡುಬು ಹಾಕಿಸಿಕೊಂಡೆ.